ಪೋಲೀಸರ ಮೇಲಿನ ನಂಬಿಕೆ: ಭಾಗಲ್ಪುರದಿಂದ ಮುಂಬಯಿಗೆ

ಕಳೆದ ತಿಂಗಳು ನಮ್ಮ ಬಳಗದ ಚರ್ಚಾಕೂಟದಲ್ಲಿ ಮೊದಲ ವರ್ಷದ ಗೆಳೆಯರೊಬ್ಬರು ಒಂದು ಪ್ರಶ್ನೆ ಎತ್ತಿದರು. "ಪೇಪರಿನವರು ಸದಾ ಪೋಲೀಸರ ತಪ್ಪು ಹುಡುಕ್ತಾ ಕೂತರೆ ಜನಕ್ಕೆ ಪೋಲೀಸರ ಮೇಲೆ ನಂಬಿಕೆ ಉಳಿಯೋದು ಹೇಗೆ? ನಂಬಿಕೆ ಹೋದರೆ ಕೊನೆಗೆ ನಷ್ಟ ಯಾರಿಗೆ?" ಅರ್ಧ ಗಂಟೆ ಜೋರಾಗಿಯೇ ವಾದ ನಡೆಯಿತು. ಆಮೇಲೆ ಲೋಕಲ್ ಟ್ರೇನಿನ ಹೊತ್ತಾಯಿತೆಂದು ಎಲ್ಲರೂ ಎದ್ದರು. ಅಂದು ನಾನು ಹೇಳಬೇಕೆಂದಿದ್ದು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ಜನರ ನಂಬಿಕೆ ಎಂಬುದು ಒಳ್ಳೆಯ ವಸ್ತು, ಅದನ್ನು ಕೆಡಿಸುವವನು ಪತ್ರಕರ್ತ ಅಂತ. ಈ ಊಹೆಯನ್ನು ಒರೆಗೆ ಹಚ್ಚಬೇಕಾದರೆ ಬಿಹಾರದ ಭಾಗಲ್ಪುರಕ್ಕೆ ಹೋಗಬೇಕು. ಯಾಕೆಂದರೆ ಅಲ್ಲಿ ಪೋಲೀಸರ ಮೇಲೆ ಜನಕ್ಕೆ ನಂಬಿಕೆ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಭಾಗಲ್ಪುರ ಗಂಗೆಯ ದಂಡೆಯ ಊರು, ರೇಷ್ಮೆಗೆ ಹೆಸರಾದದ್ದು. 1979–80ರ ಸುಮಾರಿಗೆ ಆ ಜಿಲ್ಲೆಯಲ್ಲಿ ದರೋಡೆ, ಸುಲಿಗೆ, ಕೊಲೆ ವಿಪರೀತವಾಗಿದ್ದವು. ಹಿಡಿದವರು ಜಾಮೀನಿನ ಮೇಲೆ ಹೊರಬರುತ್ತಿದ್ದರು, ಸಾಕ್ಷಿ ಹೇಳಲು ಯಾರಿಗೂ ಧೈರ್ಯವಿರಲಿಲ್ಲ, ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು. ಆಗ ಅಲ್ಲಿನ ಪೋಲೀಸರು ಒಂದು ಅಡ್ಡದಾರಿ ಕಂಡುಕೊಂಡರು. ಹಿಡಿದು ತಂದವರ ಕಣ್ಣುಗಳನ್ನು ಗೋಣಿ ಹೊಲಿಯುವ ದಪ್ಪ ಸೂಜಿಯಂಥ ಆಯುಧದಿಂದ ಚುಚ್ಚಿ, ಮೇಲೆ ಆಸಿಡ್ ಸುರಿಯತೊಡಗಿದರು. ಆ ಆಸಿಡ್ಡಿಗೆ ಠಾಣೆಗಳಲ್ಲಿ ಇಟ್ಟ ಅಡ್ಡಹೆಸರು ಗಂಗಾಜಲ. (2003ರಲ್ಲಿ ಪ್ರಕಾಶ್ ಝಾ ತೆಗೆದ ಹಿಂದಿ ಸಿನಿಮಾದ ಹೆಸರು ಅಲ್ಲಿಂದಲೇ ಬಂದದ್ದು. ಆ ಸಿನಿಮಾ ನೋಡಿದ ಗೆಳೆಯರು ಅದರ ಊರನ್ನೂ ಪಾತ್ರಗಳನ್ನೂ ನಿಜವೆಂದು ಹಿಡಿಯಬೇಡಿ, ಅದು ಕಟ್ಟಿದ ಕಥೆ.) ಹೀಗೆ ಕುರುಡಾದವರು ಮೂವತ್ತಕ್ಕೂ ಹೆಚ್ಚು ಮಂದಿ. ಬಹುಪಾಲು ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಇನ್ನೂ ರುಜುವಾತಾಗದವರು.

ಇಷ್ಟು ಜನರ ಕಣ್ಣು ಹೋಗಬೇಕಾದರೆ ಗುಟ್ಟಾಗಿ ಹೋಗಿರಲು ಸಾಧ್ಯವೇ? ಸಾಧ್ಯವಿಲ್ಲ. ಕಣ್ಣಲ್ಲಿ ರಕ್ತ ಸೋರುತ್ತಿದ್ದವರನ್ನು ರಿಮಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಿದಾಗಲೂ 'ನಿನ್ನ ಕಣ್ಣಿಗೇನಾಯಿತಪ್ಪ' ಎಂಬ ಪ್ರಶ್ನೆ ಬರಲಿಲ್ಲ. ಜೈಲಿನಲ್ಲಿ ನೋಡಿದರು, ಆಸ್ಪತ್ರೆಯಲ್ಲಿ ನೋಡಿದರು. 1980ರ ಜುಲೈಯಲ್ಲಿ ಕೆಲವು ಕೈದಿಗಳು ಜಿಲ್ಲಾ ಸೆಷನ್ಸ್ ನ್ಯಾಯಾಧೀಶರಿಗೆ ಅರ್ಜಿಯನ್ನೂ ಕೊಟ್ಟರು. ವಕೀಲರನ್ನು ಕೊಡಿಸಲು ಅವಕಾಶವಿಲ್ಲ ಎಂಬ ಉತ್ತರದೊಂದಿಗೆ ಅರ್ಜಿ ಕೆಳಗಿನ ಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ ಬಂದು ಕೈದಿಗಳ ಮಾತು ಕೇಳಿಕೊಂಡು ಸರಕಾರಕ್ಕೆ ಬರೆದರು. ಅಂದರೆ ಮೇಲಿನಿಂದ ಕೆಳಗಿನವರೆಗೆ ವಿಷಯ ಗೊತ್ತಿತ್ತು. ಫೈಲುಗಳಲ್ಲಿತ್ತು, ಪೇಪರಿನಲ್ಲಿ ಮಾತ್ರ ಇರಲಿಲ್ಲ.

ಅದನ್ನು ಪೇಪರಿಗೆ ತಂದವರು 'ಇಂಡಿಯನ್ ಎಕ್ಸ್‌ಪ್ರೆಸ್'ನ ಪಾಟ್ನಾ ವರದಿಗಾರ ಅರುಣ್ ಸಿನ್ಹಾ. 1980ರ ನವೆಂಬರ್ 22ರಂದು ವರದಿ ಅಚ್ಚಾಯಿತು. ಆಗ ಅರುಣ್ ಶೌರಿ ಆ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕರು. ಸಂಸತ್ತಿನಲ್ಲಿ ಗದ್ದಲವೆದ್ದಿತು. ವಕೀಲೆ ಕಪಿಲಾ ಹಿಂಗೋರಾನಿ ಕುರುಡಾದ ಕೈದಿಗಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ಕೊಟ್ಟ ಆದೇಶವನ್ನು ಕಾನೂನು ಓದುವವರು ಖತ್ರಿ ಮೊಕದ್ದಮೆ ಎಂದು ಇವತ್ತಿಗೂ ಓದುತ್ತಾರೆ. ಬಡ ಆರೋಪಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ವಿಚಾರಣೆ ಶುರುವಾದ ಮೇಲಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ತಂದಾಗಲೇ. ಅವನು ಕೇಳಲಿ ಎಂದು ಕಾಯದೆ ಅವನಿಗೆ ಆ ಹಕ್ಕಿದೆಯೆಂದು ಮ್ಯಾಜಿಸ್ಟ್ರೇಟರೇ ತಿಳಿಸಬೇಕು ಎಂದು ಅದರಲ್ಲಿದೆ.

ನಮ್ಮ ಚರ್ಚೆಗೆ ಬೇಕಾದ ಭಾಗ ಇನ್ನು ಮುಂದಿನದು. ವರದಿ ಬಂದ ಮೇಲೆ ಭಾಗಲ್ಪುರದ ಜನ ಏನು ಮಾಡಿದರು? ಪೋಲೀಸರ ವಿರುದ್ಧ ಬೀದಿಗಿಳಿದರೆ? ಇಲ್ಲ. ಕೆಲವು ಪೋಲೀಸರನ್ನು ಸಸ್ಪೆಂಡ್ ಮಾಡಿದಾಗ ಅವರ ಪರವಾಗಿ ಮೆರವಣಿಗೆ ತೆಗೆದರು. ಪೋಲೀಸರೂ ಜನರೂ ಅಣ್ಣತಮ್ಮಂದಿರು ಎಂಬರ್ಥದ ಘೋಷಣೆ ಕೂಗಿದರು. ವಕೀಲರೂ ಓದಿದವರೂ ಅವರ ನಡುವೆ ಇದ್ದರು. ಈ ಕೆಲಸಕ್ಕೆ ಸಮಾಜದ ಒಪ್ಪಿಗೆ ಇದೆ ಎಂಬ ಮಾತು ಸರಕಾರ ನಡೆಸುವವರ ಬಾಯಿಂದಲೇ ಬಂತು. ವರದಿಗಾರನಿಗೆ ದಾಖಲೆ ಸಿಗುವುದಕ್ಕೆ ನೆರವಾದರೆಂದು ಭಾಗಲ್ಪುರ ಸೆಂಟ್ರಲ್ ಜೈಲಿನ ಸೂಪರಿಂಟೆಂಡೆಂಟ್ ಬಚ್ಚೂಲಾಲ್ ದಾಸ್ ಅವರನ್ನು ಸಸ್ಪೆಂಡ್ ಮಾಡಿದರು. ಕಣ್ಣು ಕಿತ್ತವರಲ್ಲಿ ಕೋರ್ಟಿನಿಂದ ಶಿಕ್ಷೆಯಾದವರನ್ನು ಬೆರಳಲ್ಲಿ ಎಣಿಸಬಹುದು.

ಆ ಮೆರವಣಿಗೆಯವರನ್ನು ಸುಮ್ಮನೆ ಕ್ರೂರಿಗಳು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರಾತ್ರಿ ಬಾಗಿಲು ಹಾಕಿಕೊಂಡು ಮಲಗಲು ಹೆದರುವವನಿಗೆ ಕೋರ್ಟು ಏನೂ ಕೊಡದಿದ್ದಾಗ ಪೋಲೀಸ್ ಏನೋ ಒಂದು ಕೊಟ್ಟ, ಅದನ್ನು ಅವನು ಹಿಡಿದುಕೊಂಡ. ಆದರೆ ಇದಕ್ಕೆ ನಂಬಿಕೆ ಎಂಬ ಹೆಸರು ಕೊಡುವ ಮೊದಲು ನಾವು ಬ್ಯಾಂಕನ್ನು ಹೇಗೆ ನಂಬುತ್ತೇವೆ ನೋಡಿ. ಮ್ಯಾನೇಜರ್ ನಮ್ಮ ಜಾತಿಯವನು, ಒಳ್ಳೆಯವನು ಎಂದು ದುಡ್ಡು ಇಡುವುದಿಲ್ಲ. ಪಾಸ್‌ಬುಕ್ ಇದೆ, ತಪ್ಪಿದರೆ ಕೇಳಬಹುದು, ವರ್ಷಕ್ಕೊಮ್ಮೆ ಹೊರಗಿನವರು ಬಂದು ಲೆಕ್ಕ ನೋಡುತ್ತಾರೆ. ಭಾಗಲ್ಪುರದ ನಂಬಿಕೆಗೆ ಪಾಸ್‌ಬುಕ್ ಇರಲಿಲ್ಲ. 'ಇವರು ಕಣ್ಣು ಕೀಳುವುದು ಕಳ್ಳರದ್ದು ಮಾತ್ರ, ನಮ್ಮದಲ್ಲ' ಎಂಬ ಭರವಸೆ ಅಷ್ಟೇ ಇತ್ತು. ಕುರುಡಾದವರೆಲ್ಲ ಕಳ್ಳರೇ ಹೌದೋ ಅಲ್ಲವೋ ಎಂದು ತೀರ್ಮಾನಿಸಿದವರು ಯಾರು? ಅದೇ ಠಾಣೆಯವರು. ಹೀಗಾಗಿ ಅರುಣ್ ಸಿನ್ಹಾ ಕೆಡಿಸಿದ್ದು ಯಾವ ನಂಬಿಕೆಯನ್ನು ಎಂದು ಕೇಳಿದರೆ, ಲೆಕ್ಕವಿಲ್ಲದ ನಂಬಿಕೆಯನ್ನು ಎಂದು ನಾನು ಹೇಳುತ್ತೇನೆ.

ನಮ್ಮ ಕಾಯ್ದೆಯಂತೂ ಮೊದಲಿನಿಂದಲೂ ಪೋಲೀಸರನ್ನು ಪೂರ್ತಿ ನಂಬಿದ್ದೇ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ ಪೋಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. ಬರೆದವರು ಇಂಗ್ಲಿಷರು, ಅವರ ಕೈಕೆಳಗಿನ ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2024ರ ಜುಲೈ 1ರಿಂದ ಆ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರಲ್ಲೂ 23ನೇ ಕಲಮಾಗಿ ಈ ನಿಯಮ ಉಳಿದಿದೆ. ಸಾಹಿತ್ಯದ ಗೆಳೆಯರಿಗಾಗಿ ಇಲ್ಲೊಂದು ಮಾತು. 1961ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ, ದೇಶದ ಯಾವ ಅಪರಾಧಿ ಗುಂಪಿನ ದಾಖಲೆಯೂ ಪೋಲೀಸ್ ಪಡೆಯ ದಾಖಲೆಯ ಹತ್ತಿರ ಬರದು ಎಂಬರ್ಥದ ಮಾತನ್ನು ತೀರ್ಪಿನಲ್ಲೇ ಬರೆದುಬಿಟ್ಟರು. ಆ ಮಾತು ಅತಿಯಾಯಿತೆಂದು 1963ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಮುಲ್ಲಾ ಉರ್ದು ಕವಿಯೂ ಹೌದು, 1964ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಸಿಟ್ಟು ಅತಿಯಾಗಿತ್ತೆಂದೇ ನನ್ನ ಅಭಿಪ್ರಾಯ ಕೂಡ. ಎಲ್ಲ ಪೋಲೀಸರೂ ಹಾಗೇ ಎಂದುಬಿಟ್ಟರೆ ಮುಂದೆ ಯಾರನ್ನೂ ಏನನ್ನೂ ಕೇಳುವ ಹಾಗಿಲ್ಲವಲ್ಲ!

ಆದರೆ ಈ 25ನೇ ಕಲಮಿಗೆ ನಾವಿರುವ ಮಹಾರಾಷ್ಟ್ರದಲ್ಲಿ ಒಂದು ಅಪವಾದವಿದೆ. ಸಂಘಟಿತ ಅಪರಾಧ ತಡೆಗಾಗಿ 1999ರಲ್ಲಿ ಮಾಡಿದ ಮೋಕಾ ಕಾಯ್ದೆಯಲ್ಲಿ ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುತ್ತದೆ. ಜಾಮೀನೂ ಸುಲಭಕ್ಕೆ ಸಿಗುವುದಿಲ್ಲ. ಭೂಗತ ಟೋಳಿಗಳಿಗಾಗಿ ಮಾಡಿದ ಈ ಕಾಯ್ದೆಯ ಕೆಳಗೆ ನಮ್ಮ ಊರಿನ ಒಬ್ಬ ಪತ್ರಕರ್ತೆಯೇ ಜೈಲಿಗೆ ಹೋದರು.

'ಮಿಡ್-ಡೇ' ಪತ್ರಿಕೆಯ ಜ್ಯೋತಿರ್ಮಯ್ ಡೇ ಅವರನ್ನು 2011ರ ಜೂನ್ 11ರ ಮಧ್ಯಾಹ್ನ ಪೊವಾಯಿಯಲ್ಲಿ ಮೋಟಾರ್‌ಸೈಕಲ್ ಮೇಲೆ ಬಂದವರು ಗುಂಡಿಟ್ಟು ಕೊಂದರು. ಅವರೂ ತಮ್ಮ ಮೋಟಾರ್‌ಸೈಕಲ್ ಮೇಲೆ ಮನೆ ಕಡೆ ಹೊರಟಿದ್ದರು. ಭೂಗತ ಲೋಕವನ್ನು ಅವರಷ್ಟು ಬಲ್ಲವರು ಕಡಿಮೆ. ಪತ್ರಕರ್ತರು ಮಂತ್ರಾಲಯದ ಕಡೆ ಮೆರವಣಿಗೆ ಹೊರಟು, ತನಿಖೆ ಸಿ.ಬಿ.ಐ.ಗೆ ಕೊಡಿ ಎಂದರು. ಅಂದರೆ ಠಾಣೆಗೆ ದಿನಾ ಹೋಗಿ ಬರುವವರಿಗೇ ಮುಂಬಯಿ ಪೋಲೀಸರ ಮೇಲೆ ಭರವಸೆ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಪೋಲೀಸರು ಆ ತಿಂಗಳಲ್ಲೇ ಗುಂಡು ಹಾರಿಸಿದವರನ್ನು ಹಿಡಿದರು. ಛೋಟಾ ರಾಜನ್ ಟೋಳಿಯ ಕೆಲಸ ಎಂದರು. 2018ರ ಮೇ 2ರಂದು ರಾಜನ್ ಸೇರಿ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯೂ ಆಯಿತು.

ಆದರೆ ನಡುವೆ, 2011ರ ನವೆಂಬರಿನಲ್ಲಿ, 'ಏಷ್ಯನ್ ಏಜ್' ಪತ್ರಿಕೆಯ ಜಿಗ್ನಾ ವೋರಾ ಅವರನ್ನೂ ಮೋಕಾ ಕೆಳಗೆ ಹಿಡಿದರು. ವೃತ್ತಿ ಮತ್ಸರದಿಂದ ಡೇ ಅವರ ವಿವರಗಳನ್ನು ರಾಜನ್‌ಗೆ ಕೊಟ್ಟರು ಎಂಬುದು ಆರೋಪ. ಬೈಕುಲಾ ಜೈಲಿನಿಂದ ಜಾಮೀನಿನ ಮೇಲೆ ಅವರು ಹೊರಬಂದದ್ದು 2012ರ ಜುಲೈಯಲ್ಲಿ. ನಿರ್ದೋಷಿ ಎಂದು ಕೋರ್ಟ್ ಹೇಳಿದ್ದು 2018ರ ಅದೇ ಮೇ 2ರಂದು, ಆರೂವರೆ ವರ್ಷದ ಮೇಲೆ. 2019ರಲ್ಲಿ ಮುಂಬಯಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಕೆ ಆ ವರ್ಷ ಜೈಲಿನ ಅನುಭವದ ಪುಸ್ತಕ ಬರೆದರು, 2023ರಲ್ಲಿ ಅದರ ಮೇಲೆ 'ಸ್ಕೂಪ್' ಎಂಬ ಧಾರಾವಾಹಿ ಬಂತು.

ನನಗೆ ಇದರಲ್ಲಿ ಹೆಚ್ಚು ಚುಚ್ಚುವುದು ಪತ್ರಿಕೆಗಳ ಪಾತ್ರ. ಬಂಧನವಾದ ದಿನಗಳಲ್ಲಿ ಆಕೆಯ ಸ್ವಭಾವ, ಸ್ನೇಹ, ಖಾಸಗಿ ಬದುಕು ಎಲ್ಲ 'ಪೋಲೀಸ್ ಮೂಲಗಳ ಪ್ರಕಾರ' ಎಂಬ ಎರಡು ಮೂರು ಪದಗಳ ಮೇಲೆ ನಿಂತು ಅಚ್ಚಾದವು. ಬರೆದವರು ಆಕೆಯ ಜೊತೆಯವರೇ. ಐದು ತಿಂಗಳ ಹಿಂದೆ ಪೋಲೀಸರನ್ನು ನಂಬೆವು ಎಂದು ಮೆರವಣಿಗೆ ಹೋದ ಬಳಗವೇ ಈಗ ಪೋಲೀಸರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿತು. ಇದಕ್ಕೆ ಕಾರಣ ದ್ವೇಷವೊಂದೇ ಅಲ್ಲ. ಕ್ರೈಂ ವರದಿಗಾರನಿಗೆ ಸುದ್ದಿ ಬರುವುದೇ ಪೋಲೀಸರಿಂದ. ಇಂದು ಕೇಳಬಾರದ್ದು ಕೇಳಿದರೆ ನಾಳೆ ಫೋನ್ ಎತ್ತುವುದಿಲ್ಲ. ಭಾಗಲ್ಪುರದಲ್ಲಿ ಸಿನ್ಹಾಗೆ ಇಂಥ ಕಟ್ಟು ಇರಲಿಲ್ಲ. ಅವರಿಗೆ ಸಿಕ್ಕಿದ್ದು ಬಾಯಿಮಾತಲ್ಲ, ಜೈಲಿನೊಳಗಿನ ಕಾಗದ ಮತ್ತು ಕಣ್ಣಿಲ್ಲದ ಮನುಷ್ಯರು.

ಪೋಲೀಸರು ಲೆಕ್ಕ ಒಪ್ಪಿಸಿದ ಉದಾಹರಣೆಯೂ ಇದೆ, ಅದು ನಮ್ಮ ಕರ್ನಾಟಕದ್ದೇ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾದಾಗ ರಚಿಸಿದ ವಿಶೇಷ ತನಿಖಾ ತಂಡ ಗುಂಡುಗಳ ಪ್ರಯೋಗಾಲಯ ಪರೀಕ್ಷೆಯಿಂದ ಹಿಡಿದು ತಾಳ್ಮೆಯಿಂದ ಹೆಣೆದು, 2018ರ ನವೆಂಬರಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ಆರೋಪಪಟ್ಟಿ ಸಲ್ಲಿಸಿತು. ಅವರು ಕೊಟ್ಟ ಸುಳಿವಿನಿಂದ ಪುಣೆಯ ದಾಭೋಳಕರ್ ಕೊಲೆಯ ತನಿಖೆಯೂ ಮುಂದೆ ಸರಿಯಿತು. ಐದು ವರ್ಷ ಅದು ಕುಂಟುತ್ತಿತ್ತು. ಆರೋಪ ನಿಜವೋ ಸುಳ್ಳೋ ಕೋರ್ಟಿನ ವಿಚಾರ. ಆದರೆ ತನಿಖೆಯ ಒಂದೊಂದು ಹೆಜ್ಜೆಯನ್ನೂ ಬೇರೆಯವರು ಪರಿಶೀಲಿಸಬಹುದಾದ ಹಾಗೆ ಕಾಗದದ ಮೇಲಿಟ್ಟರು, ನಾನು ಪಾಸ್‌ಬುಕ್ ಅಂದದ್ದು ಇದಕ್ಕೇ.

ಹಾಗಾದರೆ ಪತ್ರಕರ್ತನಿಗೆ ರಕ್ಷಣೆ ಏನಿದೆ? ಬಹಳ ಇಲ್ಲ. ಸುದ್ದಿ ಕೊಟ್ಟವರ ಹೆಸರು ಹೇಳೆಂದು ಪತ್ರಕರ್ತನನ್ನು ಒತ್ತಾಯಿಸಬಾರದು ಎಂಬ ಮಾತು 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿದೆ, ಆದರೆ ಅದು ಕೌನ್ಸಿಲ್ಲಿನ ವಿಚಾರಣೆಗೆ ಮಾತ್ರ. ಠಾಣೆಯಲ್ಲಿ ಅದು ನಡೆಯುವುದಿಲ್ಲ. ಬಚ್ಚೂಲಾಲ್ ದಾಸ್ ಅವರಂತೆ ಒಳಗಿನಿಂದ ಸತ್ಯ ಹೊರಗೆ ಕೊಡುವ ನೌಕರರಿಗಾಗಿ 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು, ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ. ಡೇ ಕೊಲೆಯ ನಂತರ ಮುಂಬಯಿ ಪತ್ರಕರ್ತರು ಒತ್ತಾಯಿಸುತ್ತ ಬಂದದ್ದರಿಂದ ಮಹಾರಾಷ್ಟ್ರ ವಿಧಾನಮಂಡಲ 2017ರಲ್ಲಿ ಪತ್ರಕರ್ತರ ಮೇಲಿನ ಹಲ್ಲೆಗೆ ಮೂರು ವರ್ಷದವರೆಗೆ ಸಜೆ, ಐವತ್ತು ಸಾವಿರದವರೆಗೆ ದಂಡ ಎಂಬ ಕಾಯ್ದೆ ಪಾಸು ಮಾಡಿತು. ಸುಳ್ಳು ದೂರು ಕೊಟ್ಟರೆ ಪತ್ರಕರ್ತನಿಗೂ ಶಿಕ್ಷೆ ಎಂದು ಅದರಲ್ಲೇ ಬರೆದಿದೆ. ದೂರು ಬಂದಾಗ ತನಿಖೆ ಮಾಡಬೇಕಾದವರು ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಪೋಲೀಸ್ ಅಧಿಕಾರಿ.