ಮೈಗ್ರೇನ್: ಹಣೆಬರಹವಾ, ನಮ್ಮ ಕೈಲಿದೆಯಾ?

ನಮ್ಮ ಹಾಸ್ಟೆಲ್‌ನಲ್ಲಿ ಮೈಗ್ರೇನ್ ಇರುವವರನ್ನು ಮಾತಾಡಿಸಿದರೆ ಎರಡು ಥರದ ಉತ್ತರ ಬರುತ್ತೆ. ‘ಬರೋದಿದ್ರೆ ಬಂದೇ ಬರುತ್ತೆ, ಏನೂ ಮಾಡಕ್ಕಾಗಲ್ಲ’ ಅನ್ನೋರು ಕೆಲವರು. ‘ನಿದ್ದೆಗೆಟ್ಟೆ, ನಂದೇ ತಪ್ಪು’ ಅನ್ನೋರು ಇನ್ನು ಕೆಲವರು. ಕಾಯಿಲೆ ಒಂದೇ, ನಂಬಿಕೆ ಬೇರೆ. ಈ ನಂಬಿಕೆಗೂ ಚಿಕಿತ್ಸೆಗೂ ಸಂಬಂಧ ಇದೆ.

ಬದುಕಿನಲ್ಲಿ ಆಗುವುದರ ಹಿಡಿತ ನಮ್ಮೊಳಗಿದೆಯೋ ಹೊರಗಿದೆಯೋ ಅನ್ನುವ ನಂಬಿಕೆಗೆ ಮನಶ್ಶಾಸ್ತ್ರದಲ್ಲಿ ‘ಲೋಕಸ್ ಆಫ್ ಕಂಟ್ರೋಲ್’ ಅಂತಾರೆ. ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದರು. 1990ರಲ್ಲಿ ತಲೆನೋವಿಗೇ ಅಂತ ಒಂದು ಪ್ರಶ್ನಾವಳಿ ಬಂತು. ಅದರಲ್ಲಿ ಮೂರು ಭಾಗ: ಹಿಡಿತ ನನ್ನ ಕೈಲಿದೆ, ಡಾಕ್ಟರ್ ಕೈಲಿದೆ, ಇಲ್ಲಾ ಎಲ್ಲಾ ಹಣೆಬರಹ.

ಕೆನೆತ್ ಹಾಲ್ರಾಯ್ಡ್ ತಂಡ 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇಷ್ಟವಾಗುತ್ತೆ. ಟೆನ್ಷನ್ ತಲೆನೋವಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಹಣೆಯ ಸ್ನಾಯು ಸಡಿಲಿಸುವ ತರಬೇತಿ ಅಂತ ಹೇಳಿ ಸೆನ್ಸರ್ ಹಾಕಿದರು. ನಿಜಕ್ಕೂ ಅರ್ಧ ಜನ ಕಲಿತದ್ದು ಸ್ನಾಯು ಬಿಗಿ ಮಾಡೋದನ್ನ! ಆದರೂ ‘ತುಂಬಾ ಚೆನ್ನಾಗಿ ಮಾಡ್ತಿದ್ದೀರಿ’ ಅನ್ನುವ ಫೀಡ್‌ಬ್ಯಾಕ್ ಸಿಕ್ಕವರಿಗೇ ತಲೆನೋವು ಹೆಚ್ಚು ಕಡಿಮೆಯಾಯ್ತು. ಸ್ನಾಯುಗಿಂತ ‘ನನ್ನ ಕೈಲಾಗುತ್ತೆ’ ಅನ್ನೋದು ಕೆಲಸ ಮಾಡಿತ್ತು.

ಅದು ಮೈಗ್ರೇನ್ ಅಲ್ಲ ನಿಜ. ಹಾಗಾದ್ರೆ ಮೈಗ್ರೇನ್‌ಗೆ ಮನೋಬಲ ಒಂದೇ ಸಾಕಾ? ಸಾಲದು. ಪದೇ ಪದೇ ಮೈಗ್ರೇನ್ ಬರುತ್ತಿದ್ದ 232 ಜನರ ಮೇಲೆ ಹಾಲ್ರಾಯ್ಡ್ ತಂಡವೇ ನಡೆಸಿದ ಅಧ್ಯಯನ 2010ರಲ್ಲಿ ಬಂತು. ಬೀಟಾ ಬ್ಲಾಕರ್ ಮಾತ್ರೆ ಒಂದೇ ಕೊಟ್ಟಾಗ, ಅಥವಾ ತಲೆನೋವನ್ನು ನಿಭಾಯಿಸುವ ತರಬೇತಿ ಒಂದೇ ಕೊಟ್ಟಾಗ ಆದದ್ದಕ್ಕಿಂತ, ಎರಡನ್ನೂ ಸೇರಿಸಿ ಕೊಟ್ಟಾಗ ಹೆಚ್ಚು ಪ್ರಯೋಜನವಾಯ್ತು.

ಹಿಡಿತ ಇದೆ ಅಂದ್ರೆ ತಪ್ಪು ನಮ್ಮದೇ ಅಂತಲ್ಲ. ಮೈಗ್ರೇನ್‌ನಲ್ಲಿ ವಂಶವಾಹಿ, ಹಾರ್ಮೋನುಗಳ ಪಾತ್ರ ದೊಡ್ಡದು. ‘ಚಾಕೊಲೇಟ್ ತಿಂದೆ, ಅದಕ್ಕೇ ಬಂತು’ ಅಂದುಕೊಳ್ತೀವಿ. ಆದರೆ ನೋವು ಶುರುವಾಗುವ ಮೊದಲೇ ಕೆಲವರಿಗೆ ಆಕಳಿಕೆ, ಸಿಹಿ ತಿನ್ನುವ ಆಸೆ ಬರುತ್ತೆ. ಅಂದ್ರೆ ಚಾಕೊಲೇಟ್ ತಿನ್ನೋ ಹೊತ್ತಿಗೇ ಮೈಗ್ರೇನ್ ಶುರುವಾಗಿರಬಹುದು.

ಹಾಗೆಯೇ, ಹಿಡಿತ ಅಂದ್ರೆ ಸ್ವಂತ ವೈದ್ಯವೂ ಅಲ್ಲ. ಪ್ಯಾರಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು.

ಹಾಗಾದ್ರೆ ನಮ್ಮ ಕೈಲಿರೋದೇನು? ಹೊತ್ತಿಗೆ ಸರಿಯಾಗಿ ನಿದ್ದೆ, ಬಿಡದೆ ತಿಂಡಿ, ನೋವು ಬಂದ ದಿನಗಳ ಡೈರಿ, ಡಾಕ್ಟರ್ ಬರೆದ ಮಾತ್ರೆಯನ್ನು ನೋವು ಏರುವ ಮೊದಲೇ ತಗೊಳ್ಳೋದು. ಇಷ್ಟೆಲ್ಲಾ ಮಾಡಿಯೂ ಬಂದರೆ ಅದು ಯಾರ ಸೋಲೂ ಅಲ್ಲ. ಆಗ ರೂಮ್‌ಮೇಟ್‌ಗೆ ‘ಫೋನ್ ನೋಡಿ ನೋಡಿ ತಂದ್ಕೊಂಡೆ’ ಅಂತ ಬೈಯೋದು ಬಿಟ್ಟು, ಲೈಟ್ ಆಫ್ ಮಾಡಿ ಸುಮ್ಮನಿರೋಣ.