ಉಪ್ಪುನೀರಿನ ತೊಟ್ಟಿಯಲ್ಲಿ ಗಾಯಗೊಂಡ ಮೀನಿನ ಪರೀಕ್ಷೆಯೂ ಶುಶ್ರೂಷೆಯೂ

ನೊಗ ತಾಗಿ ಹೆಗಲು ಬಾತುಕೊಂಡ ಎತ್ತನ್ನು ಗುರುತಿಸುವುದಕ್ಕೆ ಒಕ್ಕಲಿಗನಿಗೆ ಯಾರ ಉಪದೇಶವೂ ಬೇಕಾಗಿಲ್ಲ. ಎತ್ತು ಕುಂಟುವುದು, ಮೇವು ಬಿಡುವುದು, ಕೈ ಸೋಕಿದೊಡನೆ ಮೈ ಕೊಡಹುವುದು. ಗಾಜಿನ ತೊಟ್ಟಿಯಲ್ಲಿರುವ ಕಡಲ ಮೀನಾದರೋ ಕೂಗುವುದಿಲ್ಲ. ನೋವಾದಾಗ ಕಲ್ಲಿನ ಸಂದಿಯಲ್ಲಿ ಅಡಗಿಕೊಳ್ಳುವುದೇ ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಹೀಗಾಗಿ ಯಜಮಾನನ ಕಣ್ಣಿಗೆ ಬೀಳುವ ಹೊತ್ತಿಗೆ ಗಾಯವಾಗಿ ಎರಡು ಮೂರು ದಿನಗಳೇ ಕಳೆದಿರುವುದುಂಟು. ಆಗ ಗಾಬರಿಗೊಂಡು ಅಂಗಡಿಯಲ್ಲಿ ಸಿಕ್ಕಿದ ಔಷಧವನ್ನೆಲ್ಲ ತೊಟ್ಟಿಗೆ ಸುರಿದು, ಗಾಯದಿಂದ ಬದುಕಬಹುದಾಗಿದ್ದ ಮೀನನ್ನು ಔಷಧದಿಂದ ಕಳೆದುಕೊಳ್ಳುವವರೇ ಹೆಚ್ಚು.

ಕಡಲ ಅಲಂಕಾರ ಮೀನುಗಳ ಸಾಕಣೆಯು ಕೇವಲ ಪಟ್ಟಣದ ಶ್ರೀಮಂತರ ವಿನೋದವೆಂದು ಎಣಿಸತಕ್ಕದ್ದಲ್ಲ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿಮಾಡಿಸುವ ಕ್ರಮವನ್ನು ರೂಪಿಸಿದೆ. ಈ ಸಂಸ್ಥೆಗೆ ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ಕೇಂದ್ರಗಳುಂಟು. ಸಮುದ್ರದ ನೀರು ಸುಲಭವಾಗಿ ದೊರೆಯುವ ಕರಾವಳಿಯ ಹಿಡುವಳಿದಾರರಿಗೆ ಇದು ಹಿತ್ತಿಲಲ್ಲಿ ನಡೆಸಬಹುದಾದ ಉಪಕಸುಬು. ಇಂಥ ಕಸುಬಿನಲ್ಲಿ ಮೊಟ್ಟೆಯಿಡುವ ಒಂದು ಜೋಡಿ ಮೀನೆಂದರೆ ಹಾಲು ಕರೆಯುವ ಹಸುವಿಗೆ ಸಮಾನ. ಹೊಸ ಜೋಡಿಯು ಒಗ್ಗಿ ಮೊಟ್ಟೆಯಿಡಲು ಎಷ್ಟೋ ತಿಂಗಳು ಹಿಡಿಯುವುದರಿಂದ, ಒಂದರ ಗಾಯವನ್ನು ಅಲಕ್ಷ್ಯಮಾಡಿದರೆ ಬಹುಕಾಲದ ಶ್ರಮವು ನೀರುಪಾಲಾಗುವುದು.

ಚಿಕಿತ್ಸೆಗೆ ಮೊದಲು ಕಡಲ ಮೀನಿನ ಶರೀರಧರ್ಮವನ್ನು ತಿಳಿದಿರಬೇಕು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಮೀನಿನ ರಕ್ತದ ಉಪ್ಪಾದರೋ ಇದರ ಮೂರನೆಯ ಒಂದು ಪಾಲಿನಷ್ಟೇ. ಉಪ್ಪಿನಕಾಯಿಗೆ ಹಾಕಿದ ಹೋಳು ನೀರು ಬಿಟ್ಟುಕೊಳ್ಳುವಂತೆ, ಮೀನಿನ ಮೈಯೊಳಗಿನ ನೀರು ಹೊರಗಿನ ಹೆಚ್ಚು ಉಪ್ಪಿನ ಕಡೆಗೆ ಸದಾ ಜಾರಿಹೋಗುತ್ತಿರುವುದು. ಆದಕಾರಣ ಕಡಲ ಮೀನು ಎಡೆಬಿಡದೆ ನೀರು ಕುಡಿದು, ಹೆಚ್ಚಿದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತಿರುತ್ತದೆ. ಈ ಸೋರಿಕೆಯನ್ನು ತಡೆಯುವ ಗೋಡೆಯೆಂದರೆ ಅದರ ಚರ್ಮ, ಹುರುಪೆ ಮತ್ತು ಮೇಲಿನ ಲೋಳೆ. ಗಾಯವಾಯಿತೆಂದರೆ ಗೋಡೆಯಲ್ಲಿ ಬಿರುಕು ಬಿಟ್ಟಂತೆ. ಕಡಲ ನಡುವಿನಲ್ಲಿದ್ದೂ ಆ ಪ್ರಾಣಿಯು ನೀರಡಿಸಿ ಬಳಲುವುದು. ಸಿಹಿನೀರಿನ ಮೀನಿನಲ್ಲಿ ಇದಕ್ಕೆ ತದ್ವಿರುದ್ಧ. ಕೆರೆಯ ಮೀನಿಗೆ ಗಾಯವಾದಾಗ ಹಿಡಿ ಉಪ್ಪು ಹಾಕಿದರೆ ಗುಣ ಕಾಣುವುದೆಂಬ ಮಾತು ಸಾಧುವಾದರೂ, ಅದನ್ನೇ ನಂಬಿ ಕಡಲ ಮೀನಿನ ತೊಟ್ಟಿಗೆ ಇನ್ನಷ್ಟು ಉಪ್ಪು ಸೇರಿಸುವುದು ಗಾಯದ ಮೇಲೆ ಬರೆ ಎಳೆದಂತೆಯೇ ಸರಿ.

ಇನ್ನು ಪರೀಕ್ಷೆಯ ಕ್ರಮ. ತೊಟ್ಟಿಗೆ ಕೈಹಾಕುವುದಕ್ಕೆ ಮುಂಚೆ ಅರ್ಧ ಗಂಟೆ ದೂರದಲ್ಲಿ ಕುಳಿತು ನೋಡಬೇಕು. ನಸುಕಿನಲ್ಲಿ ದೀಪ ಹಾಕುವುದಕ್ಕೆ ಮುಂಚೆ ಒಮ್ಮೆ, ಮೇವು ಹಾಕಿದಾಗ ಇನ್ನೊಮ್ಮೆ. ಮೊದಲು ಉಸಿರಾಟವನ್ನು ಗಮನಿಸತಕ್ಕದ್ದು. ಒಂದು ನಿಮಿಷದಲ್ಲಿ ಕಿವಿರಿನ ಮುಚ್ಚಳವು ಎಷ್ಟು ಸಲ ಆಡುವುದೆಂದು ಎಣಿಸಿ, ಅದೇ ಜಾತಿಯ ಆರೋಗ್ಯವುಳ್ಳ ಮೀನಿನ ಎಣಿಕೆಯೊಡನೆ ಹೋಲಿಸಬೇಕು. ಗಾಯಗೊಂಡ ಒಂದೇ ಮೀನು ಏದುತ್ತಿದ್ದರೆ ತೊಂದರೆ ಅದರ ಮೈಯಲ್ಲಿದೆ. ಎಲ್ಲ ಮೀನುಗಳೂ ಏದುತ್ತಿದ್ದರೆ ತೊಂದರೆ ನೀರಿನಲ್ಲಿದೆ.

ಆಮೇಲೆ ಗಾಯದ ಆಕಾರ. ಕಚ್ಚಾಟದಿಂದ ಹರಿದ ಈಜುರೆಕ್ಕೆಯ ಅಂಚು ಬಟ್ಟೆ ಸೀಳಿದಂತೆ ಸ್ವಚ್ಛವಾಗಿರುವುದು. ಅದೇ ಅಂಚು ಬೆಳ್ಳಗೆ ಮಂಕಾಗಿ, ಬುಡದಲ್ಲಿ ಕೆಂಪು ಗೆರೆಗಳೆದ್ದು, ದಿನದಿಂದ ದಿನಕ್ಕೆ ಸವೆಯುತ್ತಿದ್ದರೆ ಸೂಕ್ಷ್ಮಜೀವಿಗಳು ಹೊಕ್ಕು ಕೊಳೆ ಹತ್ತಿದೆಯೆಂದು ತಿಳಿಯಬೇಕು. ಮೈಯ ಒಂದೇ ಮಗ್ಗುಲಿನ ಹುರುಪೆ ಕಿತ್ತುಹೋಗಿದ್ದರೆ ಕಲ್ಲಿಗೋ ಬಲೆಗೋ ಉಜ್ಜಿದ್ದು. ಒಂದು ಕಣ್ಣು ಮಾತ್ರ ಮಂಜಾಗಿ ಉಬ್ಬಿದ್ದರೆ ಸಾಮಾನ್ಯವಾಗಿ ಪೆಟ್ಟು. ಎರಡೂ ಕಣ್ಣುಗಳು ಉಬ್ಬಿದ್ದರೆ ನೀರಿನ ಕೆಡುಕನ್ನೋ ಒಳರೋಗವನ್ನೋ ಶಂಕಿಸಬೇಕು. ಚಾಕುವಿನಿಂದ ಗೀರಿದಂಥ ನೀಳವಾದ ಸೀಳು ಕಂಡರೆ ತೊಟ್ಟಿಯಲ್ಲಿ ಸರ್ಜನ್ ಮೀನು ಇದೆಯೋ ಎಂದು ನೋಡಬೇಕು. ಬಾಲದ ಬುಡದ ಎರಡು ಕಡೆಗಳಲ್ಲಿಯೂ ಹರಿತವಾದ ಮುಳ್ಳಿರುವುದರಿಂದಲೇ ಅದಕ್ಕೆ ಶಸ್ತ್ರವೈದ್ಯನ ಹೆಸರು ಬಂದಿತು.

ಗಾಯವಲ್ಲದ್ದನ್ನು ಗಾಯವೆಂದು ಭ್ರಮಿಸುವುದೂ ಉಂಟು. ಉಪ್ಪಿನ ಹರಳು ಅಂಟಿದಂತೆ ಬಿಳಿಯ ಚುಕ್ಕೆಗಳಿದ್ದರೆ, ಅಥವಾ ಮೈಮೇಲೆ ಹಿಟ್ಟು ಉದುರಿಸಿದಂತಿದ್ದರೆ, ಅದು ಪರೋಪಜೀವಿಗಳ ಬಾಧೆ. ಅಂಥ ಮೀನು ತುರಿಕೆ ತಾಳದೆ ಕಲ್ಲಿಗೆ ಮೈ ತಿಕ್ಕಿ ಗಾಯ ಮಾಡಿಕೊಳ್ಳುವುದು. ಇಲ್ಲಿ ಗಾಯವು ಕಾರ್ಯ, ರೋಗವು ಕಾರಣ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಬಿಳಿಯ ಗಂಟುಗಳೆದ್ದರೆ ಅದು ವೈರಸ್ಸಿನಿಂದಾದದ್ದು. ನೋಡಲು ಅಸಹ್ಯವಾದರೂ ಬಹುಪಾಲು ತಾನೇ ವಾಸಿಯಾಗುವುದರಿಂದ ಅದನ್ನು ಕತ್ತರಿಸಲು ಹೋಗಕೂಡದು.

ಗಾಯವೆಂದು ನಿಶ್ಚಯವಾದ ಮೇಲೆ ಗಾಯ ಮಾಡಿದವನನ್ನು ಹುಡುಕತಕ್ಕದ್ದು. ಸತ್ತ ಮೀನಿನ ಮೇಲೆ ಬೆಳಿಗ್ಗೆ ಏಡಿ ಕುಳಿತಿದ್ದುದನ್ನು ಕಂಡು ಏಡಿಯೇ ಕೊಂದಿತೆಂದು ತೀರ್ಮಾನಿಸುವುದು ಸಾಮಾನ್ಯ. ಶಂಖದೊಳಗೆ ವಾಸಿಸುವ ಸಣ್ಣ ಏಡಿಗಳು ಬಹುಮಟ್ಟಿಗೆ ಹೆಣ ತಿನ್ನುವಂಥವು. ಪಾಪ, ಅವುಗಳ ಮೇಲೆ ಹೊರಿಸುವ ಖೂನಿಗಳಲ್ಲಿ ಹೆಚ್ಚಿನವು ಸುಳ್ಳು. ನಿಜವಾದ ಅಪರಾಧಿ ಅನೇಕ ವೇಳೆ ಮೂರು ಅಂಗುಲವೂ ಇಲ್ಲದ ಡ್ಯಾಮ್ಸೆಲ್ ಮೀನು. ಒಂದು ಕಲ್ಲನ್ನು ತನ್ನ ಹದ್ದೆಂದು ಹಿಡಿದ ಮೇಲೆ, ಬದುವಿಗಾಗಿ ಹೋರಾಡುವ ದಾಯಾದಿಗಿಂತಲೂ ಹಟದಿಂದ ತನಗಿಂತ ದೊಡ್ಡ ಮೀನನ್ನೂ ಅದು ಅಟ್ಟುವುದು. ಪಂಪಿನ ಬಾಯಿ, ಭದ್ರವಾಗಿ ಕೂರಿಸದ ಕಲ್ಲು, ಮುಚ್ಚಳವಿಲ್ಲದ ತೊಟ್ಟಿಯಿಂದ ಹೊರಕ್ಕೆ ಹಾರಿ ಬೀಳುವುದು ಇವೂ ಕಾರಣಗಳೇ. ಕಾರಣವನ್ನು ನಿವಾರಿಸದೆ ಮಾಡುವ ಚಿಕಿತ್ಸೆಯು ಬೇಲಿ ಮುರಿದ ಹೊಲಕ್ಕೆ ಮತ್ತೆ ಬಿತ್ತಿದಂತೆ.

ಗಾಯ ಯಾವುದೇ ಆಗಲಿ, ಮೊದಲನೆಯ ಔಷಧ ಶುದ್ಧವಾದ ನೀರು. ಅಮೋನಿಯಾ ಮತ್ತು ನೈಟ್ರೈಟ್ ಲವಲೇಶವೂ ಇರಕೂಡದು. ಉಷ್ಣತೆ 25ರಿಂದ 27 ಡಿಗ್ರಿ ಸೆಂಟಿಗ್ರೇಡ್, ಕ್ಷಾರಗುಣವನ್ನು ತೋರಿಸುವ ಪಿ.ಎಚ್. 8.1ರಿಂದ 8.4 ಇದ್ದರೆ ಸರಿ. ಪಿ.ಎಚ್. ಹೆಚ್ಚಾದಷ್ಟೂ ಅಮೋನಿಯಾದ ವಿಷವೂ ಏರುವುದರಿಂದ, ಕೆರೆಯ ನೀರಿನಲ್ಲಿ ಸಹ್ಯವಾದ ಪ್ರಮಾಣವು ಕಡಲ ನೀರಿನಲ್ಲಿ ಪ್ರಾಣಾಂತಿಕವಾಗಬಹುದು. ನಾಲ್ಕನೆಯ ಒಂದು ಭಾಗದ ನೀರನ್ನು ಆ ದಿನವೇ ಬದಲಾಯಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳ ಮುಖದಲ್ಲಿ ತುಂಬಿದ ನೀರು ಮಳೆಯಿಂದ ತೆಳುವಾಗಿಯೂ ಕದಡಿಯೂ ಇರುವುದರಿಂದ, ಅದನ್ನು ಅಳೆಯದೆ ಬಳಸಕೂಡದು. ಒಳನಾಡಿನವರು ಅಡುಗೆಯ ಉಪ್ಪನ್ನು ಕರಗಿಸಿ ಕಡಲ ನೀರು ಮಾಡಲಾಗದು. ಸಮುದ್ರದಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು ಅದರಲ್ಲಿ ತಕ್ಕಷ್ಟು ಇಲ್ಲ. ಇದಕ್ಕೆಂದೇ ತಯಾರಾದ ಲವಣಮಿಶ್ರಣವನ್ನು ಕೊಳ್ಳಬೇಕು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳಲ್ಲಿ ಈ ನೀರನ್ನು ಶೇಖರಿಸಲೇಕೂಡದು. ಉಪ್ಪುನೀರಿಗೆ ಬಿಟ್ಟುಕೊಂಡ ತಾಮ್ರವು ಸೀಗಡಿ, ಶಂಖ, ಹವಳಗಳಿಗೆ ವಿಷ. ಪ್ಲಾಸ್ಟಿಕ್ಕಿನ ಪೀಪಾಯಿ ಉತ್ತಮ.

ಗಾಯಗೊಂಡ ಮೀನನ್ನು ಹಿಡಿದು ಬೇರೆ ಮಾಡಬೇಕೆ ಎಂಬುದು ಎರಡನೆಯ ಪ್ರಶ್ನೆ. ಹಿಡಿಯುವುದೂ ಒಂದು ಗಾಯವೇ. ಬಲೆಯಲ್ಲಿ ಹೊರಳಿದಾಗ ಉಳಿದ ಲೋಳೆಯೂ ಕಳಚಿಹೋಗುವುದು. ಏಂಜೆಲ್ ಮೀನಿನ ಕೆನ್ನೆಯ ಮುಳ್ಳು ಬಲೆಗೆ ಸಿಕ್ಕಿ ಬಿಡಿಸಲಾಗದೆ ಸಂಕಟವಾಗುವುದು. ಆದ್ದರಿಂದ ರೆಕ್ಕೆ ಸ್ವಲ್ಪ ಹರಿದಿದ್ದು, ಮೀನು ಮೇವು ತಿನ್ನುತ್ತಾ ಯಾರ ಕಾಟವೂ ಇಲ್ಲದೆ ಇದ್ದರೆ, ಅದನ್ನು ಇದ್ದಲ್ಲಿಯೇ ಬಿಡುವುದು ಲೇಸು. ಕಾಟವಿದ್ದರೆ ಸಾಧ್ಯವಾದ ಮಟ್ಟಿಗೆ ಕಾಟ ಕೊಡುವ ಮೀನನ್ನೇ ತೆಗೆಯಬೇಕು. ಗಾಯವು ಆಳವಾಗಿದ್ದು ಮಾಂಸ ಕಾಣುತ್ತಿದ್ದರೆ, ಕೊಳೆ ಹತ್ತಿದ್ದರೆ, ಅಥವಾ ಮೇವು ಬಿಟ್ಟಿದ್ದರೆ ಮಾತ್ರ ಬೇರೆ ಮಾಡತಕ್ಕದ್ದು. ಆಗಲೂ ಬಲೆಗೆ ಬದಲು ಪಾರದರ್ಶಕವಾದ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿಕೊಳ್ಳಬೇಕು.

ಮೊಟ್ಟೆಯಿಡುವ ಕ್ಲೌನ್ ಜೋಡಿಯಲ್ಲಿ ಈ ನಿರ್ಣಯವು ಕಠಿನವಾದದ್ದು. ಈ ಜಾತಿಯಲ್ಲಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಹೆಣ್ಣು ಸತ್ತರೆ ಗಂಡೇ ಕ್ರಮೇಣ ಹೆಣ್ಣಾಗುವ ವಿಚಿತ್ರವೂ ಇಲ್ಲಿ ಉಂಟು. ಗಂಡಿನ ರೆಕ್ಕೆ ಹರಿಯುವುದು ಅನೇಕ ಸಲ ಹೆಣ್ಣಿನ ಬಾಯಿಂದಲೇ. ಆದರೆ ಬಿಲ್ಲೆಯ ಮೇಲಿಟ್ಟ ನೂರಾರು ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸಿ, ಕೆಟ್ಟವನ್ನು ಹೆಕ್ಕಿ ಕಾಯುವವನು ಈ ಗಂಡೇ. ಅವನನ್ನು ತೆಗೆದುಬಿಟ್ಟರೆ ಮೊಟ್ಟೆಗಳು ಬೂಸಲು ಹಿಡಿದು ಹಾಳಾಗುವುವು; ಬಿಟ್ಟರೆ ಅವನೇ ಹಾಳಾಗಬಹುದು. ಮೊಟ್ಟೆಗಳು ಸಾಮಾನ್ಯವಾಗಿ ಏಳೆಂಟು ದಿನಗಳಲ್ಲಿ, ಕತ್ತಲಾದ ಮೇಲೆ ಒಡೆಯುತ್ತವೆ. ಒಡೆಯಲು ಒಂದೆರಡು ದಿನ ಮಾತ್ರ ಉಳಿದಿದ್ದು ಗಾಯವು ಹಗುರವಾಗಿದ್ದರೆ ಕಾಯಬಹುದು. ಗಾಯವು ಭಾರಿಯಾಗಿದ್ದರೆ ಮೊಟ್ಟೆಯ ಬಿಲ್ಲೆಯನ್ನು ಅದೇ ನೀರಿನ ಬೇರೊಂದು ತೊಟ್ಟಿಗೆ ಸಾಗಿಸಿ, ಅದರ ಪಕ್ಕದಲ್ಲಿ ಗಾಳಿಯ ಗುಳ್ಳೆಗಳು ಸದಾ ಏಳುವಂತೆ ಮಾಡಿ, ಗಂಡನ್ನು ಚಿಕಿತ್ಸೆಗೆ ಒಯ್ಯಬೇಕು. ಮೊಟ್ಟೆಗಳಲ್ಲಿ ಕೆಲವು ನಷ್ಟವಾದರೂ ಜೋಡಿ ಉಳಿದರೆ ಮತ್ತೆ ಮೊಟ್ಟೆಯಿಡುವುದು. ಜೋಡಿ ಹೋದರೆ ಉಳಿಯುವುದು ಬರೀ ತೊಟ್ಟಿ. ಬೇರ್ಪಡಿಸುವಾಗಲೂ ಸಾಧ್ಯವಾದರೆ ರಂಧ್ರವುಳ್ಳ ಅಡ್ಡಗೋಡೆಯ ಆಚೀಚೆ ಇಟ್ಟು ಪರಸ್ಪರ ಕಾಣುತ್ತಿರುವಂತೆ ನೋಡಿಕೊಳ್ಳುವುದು ಜಾಣತನ. ಬಹುದಿನ ಕಾಣದೆ ಮರಳಿದ ಗಂಡನ್ನು ಹೆಣ್ಣು ಪರಕೀಯನೆಂದು ಬಗೆದು ಹೊಡೆಯುವುದುಂಟು.

ಶುಶ್ರೂಷೆಯ ತೊಟ್ಟಿಗೆ ಮರಳಾಗಲಿ ಕಲ್ಲಾಗಲಿ ಬೇಡ. ಸಣ್ಣ ಮೀನಿಗೆ ನಲವತ್ತು ಲೀಟರಿನದು ಸಾಕು. ಅಡಗಲು ಪ್ಲಾಸ್ಟಿಕ್ ಕೊಳವೆಯ ಒಂದೆರಡು ತುಂಡು, ಮಂದವಾದ ಬೆಳಕು, ಧಾರಾಳವಾಗಿ ಗಾಳಿ, ಮತ್ತು ದೊಡ್ಡ ತೊಟ್ಟಿಯಲ್ಲಿ ಮೊದಲೇ ಕೆಲವು ವಾರ ಇಟ್ಟು ಉಪಕಾರಿ ಸೂಕ್ಷ್ಮಜೀವಿಗಳು ನೆಲೆಸಿರುವ ಸ್ಪಂಜಿನ ಶೋಧಕ ಇವಿಷ್ಟೇ ಅದರ ಸಜ್ಜು. ಸ್ಪಂಜು ಸಿದ್ಧವಿಲ್ಲದಿದ್ದರೆ ಪ್ರತಿದಿನವೂ ನೀರು ಬದಲಾಯಿಸುವ ಶ್ರಮ ತಪ್ಪಿದ್ದಲ್ಲ. ಇಲ್ಲಿ ಹೈಡ್ರೋಮೀಟರಿನಲ್ಲಿ ನೋಡುತ್ತಾ, ನೀರಿನ ಸಾಂದ್ರತೆಯನ್ನು ಎಂದಿನ 1.024ರ ಮಟ್ಟದಿಂದ 1.019ರ ಸುಮಾರಿಗೆ ಒಂದೆರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ಮೈಯ ಸೋರಿಕೆ ತಗ್ಗಿ ಮೀನಿಗೆ ಬಹಳ ಆರಾಮವಾಗುವುದು. ಸೇರಿಸುವ ಸಿಹಿನೀರಿನಲ್ಲಿ ಕ್ಲೋರಿನ್ ಇರಕೂಡದು. ಹವಳ ಮತ್ತು ಸೀಗಡಿಗಳಿರುವ ದೊಡ್ಡ ತೊಟ್ಟಿಯಲ್ಲಿ ಈ ಪ್ರಯೋಗವನ್ನು ಮಾಡಲಾಗದು.

ಔಷಧಗಳ ವಿಷಯದಲ್ಲಿ ಕೈ ಬಿಗಿಯಾಗಿರಬೇಕು. ದನಕ್ಕೆ ಹಚ್ಚುವ ಅರಿಸಿನವೂ ಎಣ್ಣೆಯೂ ಇಲ್ಲಿ ನೀರನ್ನು ಕೆಡಿಸುವುವೇ ಹೊರತು ಗಾಯದಲ್ಲಿ ನಿಲ್ಲವು. ಅಂಗೈಯಷ್ಟು ದೊಡ್ಡ ಮೀನಾದರೆ ಒದ್ದೆಬಟ್ಟೆಯಲ್ಲಿ ಅರ್ಧ ನಿಮಿಷ ಮೀರದಂತೆ ಹಿಡಿದು, ಹತ್ತು ಪಾಲು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ನನ್ನು ಹತ್ತಿಯಿಂದ ಗಾಯಕ್ಕೆ ಮಾತ್ರ ಸೋಕಿಸಬಹುದು; ಕಿವಿರಿಗೂ ಕಣ್ಣಿಗೂ ತಾಗಕೂಡದು. ಚಿಕ್ಕ ಮೀನಿಗೆ ಈ ಉಪಚಾರವು ಗಾಯಕ್ಕಿಂತ ಕಷ್ಟ. ಪ್ರತಿಜೈವಿಕ ಔಷಧಗಳನ್ನು ಕೊಳೆ ಹರಡುತ್ತಿರುವುದು ಸ್ಪಷ್ಟವಾದಾಗ, ಮೀನುಗಾರಿಕೆಯ ತಜ್ಞರ ಇಲ್ಲವೆ ಪಶುವೈದ್ಯರ ಹೇಳಿಕೆಯಂತೆ, ಶುಶ್ರೂಷೆಯ ತೊಟ್ಟಿಯಲ್ಲಿ ಮಾತ್ರ ಕೊಡತಕ್ಕದ್ದು. ಅವು ಶೋಧಕದ ಉಪಕಾರಿ ಜೀವಿಗಳನ್ನೂ ಕೊಲ್ಲಬಹುದು. ಅರೆಬರೆಯಾಗಿ ಬಳಸಿದರೆ ರೋಗಜೀವಿಗಳು ಔಷಧಕ್ಕೆ ಜಗ್ಗದಂತಾಗುವುವು.

ಮೇವು ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಹೆಚ್ಚಿನ ಮೀನುಗಳಿಗೆ ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಗಾಯ ಕೂಡುವುದಕ್ಕೆ ಅದು ಅವಶ್ಯ. ಆದಕಾರಣ ಅದು ಸೇರಿದ ಹೊಸ ಮೇವನ್ನೇ ಆರಿಸಬೇಕು. ತಿನ್ನದೆ ಉಳಿದದ್ದನ್ನು ಅರ್ಧ ಗಂಟೆಯೊಳಗೆ ತೆಗೆದುಬಿಡಬೇಕು. ಮೇಲ್ಚರ್ಮವು ಬೇಗ ಹಬ್ಬಿ ಗಾಯವನ್ನು ಮುಚ್ಚುವುದು. ರೆಕ್ಕೆಯ ಪೊರೆ ಮೊದಲು ಗಾಜಿನಂತೆ ತಿಳಿಯಾಗಿ ಬೆಳೆದು, ಕೆಲವು ವಾರಗಳಲ್ಲಿ ಬಣ್ಣ ಕೂಡಿಕೊಳ್ಳುವುದು. ಬುಡದ ಎಲುಬಿನವರೆಗೆ ಕತ್ತರಿಸಿಹೋದ ರೆಕ್ಕೆ ಮಾತ್ರ ಮತ್ತೆ ಸರಿಯಾಗಿ ಬರುವ ಭರವಸೆಯಿಲ್ಲ. ಬೆನ್ನುಮೂಳೆ ಮುರಿದು ಅಥವಾ ಹೊಟ್ಟೆ ಸೀಳಿ ಉಳಿವಿನ ಆಸೆಯೇ ಇಲ್ಲದ ಮೀನನ್ನು ನರಳಲು ಬಿಡುವುದು ಧರ್ಮವಲ್ಲ. ಲವಂಗದ ಎಣ್ಣೆಯಿಂದ ಮಂಪರು ಬರಿಸಿ ನೋವಿಲ್ಲದೆ ಕೊನೆಗಾಣಿಸುವ ಕ್ರಮವನ್ನು ತಜ್ಞರಿಂದ ತಿಳಿಯಬಹುದು.

ಗುಣವಾದ ಮೀನನ್ನು ಮರಳಿ ಬಿಡುವುದಕ್ಕೆ ಮುಂಚೆ ಸಾಂದ್ರತೆಯನ್ನು ನಾಲ್ಕೈದು ದಿನಗಳಲ್ಲಿ ಮೆಲ್ಲಮೆಲ್ಲನೆ ಮೇಲಕ್ಕೆ ತರಬೇಕು. ಇಳಿಸುವುದಕ್ಕಿಂತ ಏರಿಸುವುದರಲ್ಲಿಯೇ ಅಪಾಯ ಹೆಚ್ಚು. ಬಿಡುವ ದಿನ ದೊಡ್ಡ ತೊಟ್ಟಿಯ ಕಲ್ಲುಗಳನ್ನು ಸ್ವಲ್ಪ ಸ್ಥಳ ಬದಲಾಯಿಸಿ ಇಟ್ಟರೆ ಹಳೆಯ ಹದ್ದುಗಳು ಅಳಿಸಿಹೋಗಿ ಎಲ್ಲ ಮೀನುಗಳೂ ಹೊಸಬರಂತಾಗುವುವು. ಉಳಿದವಕ್ಕೆ ಹೊಟ್ಟೆತುಂಬ ಮೇವು ಹಾಕಿ, ಸಂಜೆ ದೀಪ ಆರಿಸಿದ ಮೇಲೆ ಬಿಟ್ಟು, ಮಾರನೆಯ ಬೆಳಿಗ್ಗೆ ದೀಪ ಹಾಕುವುದಕ್ಕೆ ಮೊದಲೇ ಬಂದು ನೋಡತಕ್ಕದ್ದು.