ಕತ್ತಿಗೆ ಹೆಬ್ಬೆರಳಿಟ್ಟು ಮಾತಾಡೋರು

ಯಲಹಂಕದ ಬಸ್ಸಲ್ಲೋ, ಯಶವಂತಪುರ ಮಾರ್ಕೆಟ್ಟಲ್ಲೋ ಅಪರೂಪಕ್ಕೆ ಇಂಥವರು ಸಿಗುತ್ತಾರೆ. ಕತ್ತಿನ ಬುಡಕ್ಕೆ ತೆಳು ಬಟ್ಟೆ ಕಟ್ಟಿರುತ್ತಾರೆ. ಟಿಕೆಟ್ ಕೇಳುವಾಗ ಹೆಬ್ಬೆರಳನ್ನು ಅದರ ಮೇಲೆ ಒತ್ತುತ್ತಾರೆ. ಒಡಕು ದನಿಯಲ್ಲಿ "ಹೆಬ್ಬಾಳ, ಒಂದು" ಅಂತ ಕೇಳಿಸುತ್ತೆ. ಹುಡುಗರು ತಿರುಗಿ ನೋಡ್ತಾರೆ. ಕೆಲವರು ಅಂಟುಜಾಡ್ಯ ಅಂದ್ಕೊಂಡು ಸೀಟು ಬಿಟ್ಟು ಏಳೋದೂ ಉಂಟು.

ಅಂಟುಜಾಡ್ಯ ಅಲ್ಲ ಸ್ವಾಮಿ. ಗಂಟಲ ಕ್ಯಾನ್ಸರ್ ಗೆದ್ದು ಬಂದವರು ಅವರು.

ಬೀಡಿ, ಸಿಗರೇಟು, ಅದರ ಜೊತೆ ಹೆಂಡ - ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ದೊಡ್ಡ ಕಾರಣ ಇವೇ. ಬೇಗ ಗೊತ್ತಾದರೆ ರೇಡಿಯೇಷನ್‌ನಲ್ಲೇ (ನಮ್ಮ ಜನ "ಕರೆಂಟು ಕೊಡೋದು" ಅಂತಾರಲ್ಲ, ಅದು) ವಾಸಿಯಾಗಬಹುದು. ಮೂರು ವಾರ ದಾಟಿದರೂ ಗಂಟಲು ಕಟ್ಟಿಕೊಂಡೇ ಇದ್ದರೆ ಕಷಾಯ ಸಾಕು ಮಾಡಿ ಗಂಟಲ ಡಾಕ್ಟರಿಗೆ ತೋರಿಸಿ ಅನ್ನೋದು ಇದಕ್ಕೇ. ತಡವಾದರೆ ಪೆಟ್ಟಿಗೆಯನ್ನೇ ತೆಗೀಬೇಕಾಗುತ್ತೆ. 1873ರಲ್ಲಿ ವಿಯೆನ್ನಾದ ಬಿಲ್‌ರೋತ್ ಎಂಬ ಸರ್ಜನ್ ಮೊದಲ ಬಾರಿ ಕ್ಯಾನ್ಸರ್‌ಗಾಗಿ ಅದನ್ನು ಪೂರಾ ತೆಗೆದ. ನಮ್ಮೂರ ಕಿದ್ವಾಯಿ ಆಸ್ಪತ್ರೆ ಶುರುವಾಗಿದ್ದು ಅದಾದ ನೂರು ವರ್ಷಕ್ಕೆ, 1973ರಲ್ಲಿ.

ಪೆಟ್ಟಿಗೆ ತೆಗೆದ ಮೇಲೆ ಉಸಿರುಕೊಳವೆಯ ತುದಿಯನ್ನು ಕತ್ತಿನ ಮುಂಭಾಗದ ಚರ್ಮಕ್ಕೆ ತೂತು ಮಾಡಿ ಹೊಲೀತಾರೆ. ಅಲ್ಲಿಂದಾಚೆ ಉಸಿರೆಲ್ಲ ಅದರಲ್ಲೇ. ಬಾಯಿ ಊಟಕ್ಕೆ ಮಾತ್ರ. ಬಿಸಿ ಕಾಫಿಗೆ ಉಫ್ ಅಂತ ಊದೋಕಾಗಲ್ಲ, ಒಗ್ಗರಣೆ ವಾಸನೆ ಸರಿಯಾಗಿ ಹತ್ತಲ್ಲ.

ಅನ್ನನಾಳದ ಮೇಲ್ಭಾಗಕ್ಕೂ ರೋಗ ಹಬ್ಬಿದ್ದರೆ? ಅದನ್ನೂ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಎದೆಯ ಮಾಂಸವನ್ನು ಚರ್ಮದ ಸಮೇತ, ರಕ್ತನಾಳ ಕಡಿಯದೆ, ಒಳಗಿಂದೊಳಗೇ ಕತ್ತಿಗೆ ತಿರುಗಿಸಿ ಹೊಲಿಯುವ ವಿಧಾನವನ್ನು 1979ರಲ್ಲಿ ಅಮೆರಿಕದ ಡಾ. ಏರಿಯನ್ ಪ್ರಕಟಿಸಿದರು. ತೊಡೆಯ ಚರ್ಮ ಅಥವಾ ಸಣ್ಣಕರುಳಿನ ತುಂಡು ತಂದು ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸೋದೂ ಉಂಟು. ಸ್ವಂತ ಮೈಯಿಂದಲೇ ತೇಪೆ ಹಾಕೋ ವಿದ್ಯೆ ನಮಗೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು ಕಳಕೊಂಡ ಕವಾಸ್ಜಿ ಎಂಬ ಎತ್ತು ಹೊಡೆಯುವವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ್ದು 1794ರಲ್ಲೇ ಲಂಡನ್ ಪತ್ರಿಕೆಯಲ್ಲಿ ಬಂದಿತ್ತು.

ಊಟದ ದಾರಿ ಆಯ್ತು. ಮಾತು?

ಉಸಿರುಕೊಳವೆಗೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ ಸಿಲಿಕೋನ್ ಕವಾಟ ಕೂರಿಸ್ತಾರೆ. ಅಮೆರಿಕದ ಸಿಂಗರ್, ಬ್ಲಾಮ್ ಇಬ್ಬರೂ 1980ರಲ್ಲಿ ಪ್ರಕಟಿಸಿದ ಉಪಾಯ. ಕತ್ತಿನ ತೂತನ್ನು ಹೆಬ್ಬೆರಳಿಂದ ಮುಚ್ಚಿದರೆ ಉಸಿರು ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗಿ ಗಂಟಲ ಗೋಡೆ ಅದುರುತ್ತೆ. ಆ ದನಿಯನ್ನು ನಾಲಿಗೆ, ತುಟಿ ಮಾತು ಮಾಡುತ್ತವೆ. ಕವಾಟ ಒಮ್ಮುಖ, ಆದ್ದರಿಂದ ಊಟ ಶ್ವಾಸಕ್ಕೆ ಇಳಿಯಲ್ಲ.

ತೊಡಕಿರೋದು ಬೆಲೆಯಲ್ಲಿ. ಕವಾಟದ ಮೇಲೆ ಬೂಷ್ಟು ಬೆಳೆದು ಸೋರುತ್ತೆ, ಕಾಫಿ ಕುಡಿದರೆ ಕೆಮ್ಮು ಬರುತ್ತೆ. ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. 2015ರ ಸುಮಾರಿಗೆ ಹೊರದೇಶದ್ದಕ್ಕೆ 15 ಸಾವಿರದಿಂದ 30 ಸಾವಿರ ರೂಪಾಯಿ ಇತ್ತು. ಗಾರೆ ಕೆಲಸದವನು ಎಲ್ಲಿಂದ ತರಬೇಕು? ಇದನ್ನು ನೋಡಿದ ಬೆಂಗಳೂರು ಎಚ್‌ಸಿಜಿ ಆಸ್ಪತ್ರೆಯ ಸರ್ಜನ್ ಡಾ. ವಿಶಾಲ್ ರಾವ್, ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ "ಓಂ" ಎಂಬ ಕವಾಟ ತಯಾರಿಸಿದರು. 2015ರಲ್ಲಿ ಅದು ಸುದ್ದಿಯಾದಾಗ ಹೇಳಿದ ಬೆಲೆ 50 ರೂಪಾಯಿ! ಆಪರೇಷನ್ನೇ 50 ರೂಪಾಯಿಗೆ ಆಗುತ್ತೆ ಅಂತ ಯಾರೂ ತಿಳೀಬೇಡಿ. ಅದರ ಖರ್ಚು ಬೇರೆ, ಮಾತು ಕಲಿಸೋ ಥೆರಪಿಸ್ಟ್ ಹತ್ತಿರ ಓಡಾಟ ಬೇರೆ. ಆದರೂ ದುಡ್ಡಿಲ್ಲದೆ ಮೂಕರಾಗಿ ಕೂತವರಿಗೆ ಇದು ಚಿಕ್ಕ ಮಾತಲ್ಲ.

ಅಂಗಡಿಯವರಿಗೆ, ಕಂಡಕ್ಟರಣ್ಣಂದಿರಿಗೆ ಒಂದೆರಡು ವಿಷಯ. ಅವರಿಗೆ ಕಿವಿ ಚೆನ್ನಾಗೇ ಕೇಳುತ್ತೆ, ಕೂಗಬೇಡಿ. ಬೆರಳು ಕತ್ತಿಗೆ ಹೋಗಿ ಮಾತು ಹೊರಡೋತನಕ ಒಂದು ಗಳಿಗೆ ಕಾಯಿರಿ. ಅಂಗಡಿ ಮುಂದೆ ಧೂಳು ಗುಡಿಸುವಾಗ ಅವರು ನಿಂತಿದ್ದರೆ ಪೊರಕೆ ನಿಲ್ಲಿಸಿ. ಆ ಧೂಳು ನೇರ ಶ್ವಾಸಕ್ಕೇ ಹೋಗುತ್ತೆ. ತಲೆಸುತ್ತಿ ಬಿದ್ದರೆ ಮುಖಕ್ಕೆ ನೀರು ಎರಚಬೇಡಿ, ತೂತಿಗೆ ಇಳಿದೀತು. ಕತ್ತಿನ ಬಟ್ಟೆ ಸಡಿಲಿಸಿ, ಆಂಬುಲೆನ್ಸ್ ಬಂದಾಗ ಇವರು ಉಸಿರಾಡೋದು ಕತ್ತಿನಿಂದ, ಆಕ್ಸಿಜನ್ ಅಲ್ಲಿಗೇ ಹಿಡೀಬೇಕು ಅಂತ ಮೊದಲು ಹೇಳಿ.